ಮುಖ ಸವೆದ ರೂಪಾಯಿ

ಅಮ್ಮ ಹೋದ ಮೇಲೆ ಅವಳ ಹಳೇ ಬೆಳ್ಳಿ ರೂಪಾಯಿಗೆ ಬೆಲೆ ಕೇಳಲೆಂದು ತಮ್ಮ ನನ್ನನ್ನು ಶಿರಾದ ಬೆಳ್ಳಿ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯ ಸಾಹೇಬರು ಭೂತಗನ್ನಡಿ ಹಿಡಿದು, ಇಸವಿ ಬಲು ಅಪರೂಪದ್ದು, ಆನ್‌ಲೈನ್ ಹರಾಜಿಗಿಟ್ಟರೆ ನಾಣ್ಯ ಕೂಡಿಡುವವರು ಮುಗಿಬೀಳುತ್ತಾರೆ ಎಂದು ಒಂದು ಬೆಲೆಯನ್ನೂ ಹೇಳಿದರು. ತಿರುಗಿಸಿ ನೋಡಿ ಲೊಚಗುಟ್ಟಿದರು. ಆ ಕಡೆ ರಾಜನ ಮೂಗು, ಗಡ್ಡ ಎಲ್ಲ ಸವೆದು ನುಣ್ಣಗಾಗಿತ್ತು. ಮುಖ ಎಲ್ಲಿ ಹೋಯಿತೆಂದು ಕೇಳಿದರು. ನಮ್ಮ ಹೊಟ್ಟೆಗೆ ಹೋಯಿತು ಸಾಹೇಬರೇ ಎಂದೆ.

ತಮಾಷೆಯ ಮಾತಲ್ಲ. ನಿಡುಗಲ್ಲಿನ ನಮ್ಮ ಮನೆಯಲ್ಲಿ ಕೂಸು ಹುಟ್ಟಿದರೆ ಬಜೆಯ ಜೊತೆ ಆ ರೂಪಾಯಿಯನ್ನೂ ಎದೆಹಾಲಿನಲ್ಲಿ ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಿದ್ದರು. ನನಗೆ, ತಮ್ಮನಿಗೆ, ಆಮೇಲೆ ನಮ್ಮಿಬ್ಬರ ಮಕ್ಕಳಿಗೆ ತೇಯ್ದವಳು ನಮ್ಮಕ್ಕ. ನಾನು ಹುಟ್ಟುವಾಗಲೇ ಅವಳು ಮದುವೆಯ ವಯಸ್ಸಿಗೆ ಬಂದಿದ್ದಳಂತೆ. ಅವಳಿಗೆ ಮಕ್ಕಳಾಗಲಿಲ್ಲ. ಬಂಜೆಯ ಕೈಯಲ್ಲಿ ತೇಯಿಸುತ್ತಾಳಲ್ಲ ಎಂದು ಬೀದಿಯ ಹೆಂಗಸರು ಮೂತಿ ತಿರುವಿದರೂ ಅಮ್ಮ ಜಗ್ಗಲಿಲ್ಲ. ಕೂಸು ಹುಟ್ಟಿದ ಕೂಡಲೇ ಅಕ್ಕನಿಗೆ ಹೇಳಿ ಕಳಿಸುತ್ತಿದ್ದಳು.

ಅಮ್ಮನ ವರ್ಷದ ತಿಥಿ ಮುಗಿಸಿ ಪಾತ್ರೆ ಪಡಗ ಹಂಚಿಕೊಂಡೆವು. ರೂಪಾಯಿಯನ್ನು ಮೂರು ತುಂಡು ಮಾಡಲಾದೀತೇ? ಸಾಹೇಬರ ಕೈಲೇ ಹರಾಜು ಹಾಕಿಸೋಣ ಎಂದ ತಮ್ಮ. ನನಗೆ ಪಿತ್ತ ನೆತ್ತಿಗೇರಿತು. ನನ್ನ ಮಗಳು ತುಂಬು ಬಸುರಿ, ಆ ಕೂಸಿಗೆ ಏನು ತೇಯಲೋ, ನಿನ್ನ ಮೊಬೈಲನ್ನೇ ಎಂದು ಕೇಳಿದೆ. ಕಡೆಗೆ ಸೋದರಮಾವ ತೀರ್ಮಾನ ಹೇಳಿದರು. ಹೊರಗಿನವರು ಬೇಡ, ಮನೆಯೊಳಗೇ ಹರಾಜು, ಬಂದ ದುಡ್ಡು ಮೂವರಿಗೂ ಸಮ.

ತಮ್ಮ ಬೇಗನೆ ಕೈಬಿಟ್ಟ. ನಾನು ಕೂಗಿದ್ದಕ್ಕೆಲ್ಲ ಅಕ್ಕ ಏರಿಸುತ್ತಾ ಹೋದಳು. ಬಲಸಮುದ್ರದ ಅವಳ ಹೊಲಕ್ಕೆ ಸೋಲಾರ್‌ನವರು ಬಾಡಿಗೆ ಕೊಡುತ್ತಾರೆ. ಮಧುಗಿರಿಯಲ್ಲಿ ನನಗಿರುವುದು ಒಂದು ಹೊಲಿಗೆ ಮಿಷನ್ನು. ಸಾಹೇಬರು ಹೇಳಿದ ಬೆಲೆ ದಾಟಿದರೂ ಅವಳು ನಿಲ್ಲಲಿಲ್ಲ. ಬಾಡಿಗೆ ದುಡ್ಡಿನ ಕೊಬ್ಬು ಎಂದು ಒಳಗೊಳಗೇ ಕುದ್ದೆ. ನನ್ನ ಹಾಳು ನಾಲಿಗೆ ಎಂದಾದರೂ ಸುಮ್ಮನಿದ್ದದ್ದುಂಟೇ?

"ನಿಂಗ್ಯಾಕಕ್ಕ ಇದು? ಯಾರಿಗೆ ತೇಯ್ಬೇಕು ನೀನು?" ಎಂದೆ.

ನಮ್ಮ ಪಾವಗಡದ ಕಡೆ ಹರಾಜು ಕೂಗುವುದು ತೆಲುಗಿನಲ್ಲೇ. ಮಾವ ಆಗಲೇ ಅಕ್ಕನ ಬೆಲೆಗೆ 'ಒಕಟೋ ಸಾರಿ' ಎಂದು ಮೊದಲ ಸಲ ಕೂಗಿದ್ದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡಿದಳು.

"ಅಮ್ಮ ಇದ್ದಾಗ, ಕೂಸು ಹುಟ್ತು ಬಾ ಅಂತ ಕರೀತಿದ್ಲು ಕಣಮ್ಮ. ಇನ್ಮೇಲೆ ನನ್ನ ಯಾರು ಕರೀತಾರೆ? ರೂಪಾಯಿ ನನ್ ತಾವಿದ್ರೆ ನೀವು ಕರೀಲೇಬೇಕಲ್ಲ, ಅದ್ಕೆ."

ಮಾವ 'ರೆಂಡೋ ಸಾರಿ' ಎಂದು ನನ್ನ ಮುಖ ನೋಡಿದರು. ಇನ್ನೂ ಏರಿಸುವಷ್ಟು ನನ್ನ ಹತ್ತಿರವಿತ್ತು. ಆದರೆ ಅಕ್ಕನ ಮುಖ ನೋಡಲು ನಾಚಿಕೆಯಾಯಿತು. 'ಮೂಡೋ ಸಾರಿ' ಎಂದು ಮಾವ ರೂಪಾಯಿಯನ್ನು ಅವಳ ಅಂಗೈಗೆ ಹಾಕಿದರು.

ಮಗಳಿಗೆ ಹೆರಿಗೆಯಾದಾಗ ಆಸ್ಪತ್ರೆಯಿಂದ ಮೊದಲ ಫೋನು ಅಕ್ಕನಿಗೇ ಮಾಡಿದೆ. ಸಿಕ್ಕಿದ ಬಸ್ಸು ಹತ್ತಿ ಮಧುಗಿರಿಗೆ ಬಂದಳು. ಇತ್ತ ಡಾಕ್ಟರಮ್ಮ, ಎದೆಹಾಲು ಬಿಟ್ಟು ಬೇರೇನೂ ಕೂಸಿನ ಬಾಯಿಗೆ ಹಾಕಕೂಡದು ಎಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದರು. ಅಷ್ಟು ದುಡ್ಡು ಸುರಿದು ಕೊಂಡವಳಿಗೆ ಇದನ್ನು ಹೇಗೆ ಹೇಳುವುದೆಂದು ನಾನು ಒದ್ದಾಡಿಹೋದೆ. ಕಡೆಗೆ ಧೈರ್ಯ ಮಾಡಿ, ರೂಪಾಯಿಯನ್ನು ಚೀಲದಿಂದ ತೆಗೆಯಬೇಡ ಅಕ್ಕ, ಇಲ್ಲಿ ಅದನ್ನೆಲ್ಲ ತೇಯಲು ಬಿಡುವುದಿಲ್ಲ ಎಂದೆ.

ಅವಳು ಆಗಲೇ ಕೂಸನ್ನು ಮಡಿಲಿಗೆ ಹಾಕಿಕೊಂಡು ಅದರ ಬೆರಳು ಬಿಡಿಸಿ ನೋಡುತ್ತಿದ್ದಳು. ತಲೆ ಎತ್ತಲೇ ಇಲ್ಲ.

"ಯಾವ ರೂಪಾಯಿ? ಅಯ್ಯೋ, ಮನೇಲೇ ಮರ್ತು ಬಂದ್ಬುಟ್ಟೆ ಕಣೇ."