ಅಜ್ಜಿ ಮಾವಿನಕಾಯಿ ಹೆಚ್ಚಿದ ಬಿಳಿ ಕಟ್ಟೆ

ಆಗೆಲ್ಲ ಚಿಂಚವಾಡದ ನಮ್ಮ ಕಾಲನಿಯಲ್ಲಿ ಅಡಿಗೆ ಕಟ್ಟೆ ಎಂದರೆ ಕರಿ ಕಡಪಾ ಕಲ್ಲು. ಮರಾಠಿ ನೆರೆಯವರು ಅದಕ್ಕೆ ಓಟಾ ಅನ್ನುತ್ತಿದ್ದರು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮನೆಗೆ ಮಾತ್ರ ಬಿಳಿ ಮಾರ್ಬಲ್ ಕಟ್ಟೆ ಬಂತು. ಅವ್ವ ಅದಕ್ಕಾಗಿ ಬಹಳ ವರ್ಷ ಆಸೆಪಟ್ಟಿದ್ದಳು. ಚಪಾತಿ ಹಿಟ್ಟನ್ನು ಕಲ್ಲಿನ ಮೇಲೇ ನಾದುತ್ತಿದ್ದಳು. ಬಿರುಬೇಸಿಗೆಯಲ್ಲೂ ಅದು ತಣ್ಣಗಿರುತ್ತಿತ್ತು. ಆಡಿ ಬಂದವಳು ನಾನು ಅದಕ್ಕೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ.

ಕಟ್ಟೆಯ ಜೊತೆಗೆ ಕಟ್ಟಳೆಗಳೂ ಬಂದವು. ನಿಂಬೆಹಣ್ಣು, ಹುಣಸೆಹಣ್ಣು, ಮೊಸರು ತಾಟಿನಲ್ಲೇ ಇರಬೇಕು. ಹುಳಿ ತಾಗಿದಲ್ಲಿ ಕಲ್ಲಿನ ಹೊಳಪು ಹೋಗುತ್ತದೆ. ಅರಿಸಿನ ಚೆಲ್ಲಿದರೆ ಕೂಡಲೇ ಹಸಿ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಬೇಕು.

ಆ ಬೇಸಿಗೆಗೆ ಅಪ್ಪನ ತಾಯಿ, ನಮ್ಮಜ್ಜಿ, ಎಂದಿನಂತೆ ಧಾರವಾಡದಿಂದ ಬಂದಳು. ವರ್ಷದ ಉಪ್ಪಿನಕಾಯಿ ಹಾಕಿಕೊಡುವುದು ಅವಳ ಕೆಲಸ. ಪ್ರತಿ ಸಲ ನೆಲದ ಮೇಲೆ ಈಳಿಗೆ ಇಟ್ಟುಕೊಂಡು ಕೂರುತ್ತಿದ್ದಳು. ಈ ಸಲ ಅವ್ವ ಕಾಯಿಪಲ್ಲೆ ತರಲು ಹೋದಾಗ, ಚಾಕು ಹಿಡಿದು ಕಟ್ಟೆಯ ಮೇಲೇ ಮಾವಿನಕಾಯಿ ಹೆಚ್ಚಿ, ಹೋಳುಗಳಿಗೆ ಅಲ್ಲೇ ಉಪ್ಪು, ಅರಿಸಿನ ಹಚ್ಚತೊಡಗಿದಳು.

"ಅಜ್ಜೀ, ಅವ್ವ ಬೈತಾಳ."

"ಕಲ್ಲಿಗೆ ಏನಾಗ್ತದ ತಂಗಿ? ಕಲ್ಲು ಅದು."

ಅವ್ವ ಬಂದು ನೋಡಿದಳು. ಅಡಿಗೆ ಸೋಡಾ ಕಲಸಿ ಹಚ್ಚಿಟ್ಟಾಗ ಅರಿಸಿನದ ಹಳದಿಯೇನೋ ಬಿಟ್ಟಿತು. ಹುಳಿ ತಿಂದ ಜಾಗ ಮಾತ್ರ ಮಸುಕಾಗಿಯೇ ಉಳಿಯಿತು. ಬೆರಳಾಡಿಸಿದರೆ ಒರಟು.

"ಈಳಿಗಿ ಇತ್ತಲ್ರಿ ಅತ್ತಿಯವರ. ಕೆಳಗ ಕೂತು ಹೆಚ್ಚಬೇಕಾಗಿತ್ತು."

"ಆತವಾ, ತಪ್ಪಾತು. ಇನ್ನ ನಿನ್ನ ಕಲ್ಲು ಮುಟ್ಟೂದಿಲ್ಲ."

ಅಂದಿನಿಂದ ಅಜ್ಜಿ ಅಡಿಗೆಮನೆಗೆ ಕಾಲಿಡಲಿಲ್ಲ. ಹೆಚ್ಚಿದ ಹೋಳುಗಳು ಡಬ್ಬಿಯಲ್ಲಿ ನೀರು ಬಿಡುತ್ತ ಕೂತವು, ಮಸಾಲೆ ಕಲಸುವವರಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದಳು. ಧಾರವಾಡದ ಗಾಡಿ ಯಾವಾಗ ಎಂದು ಅಪ್ಪನನ್ನು ಕೇಳತೊಡಗಿದಳು. ಅವ್ವನೂ ಬಿಗುಮಾನ ಬಿಡಲಿಲ್ಲ. ಅಪ್ಪ ಪೇಪರಿನ ಹಿಂದೆ ಮುಖ ಮರೆಸಿಕೊಂಡ.

ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಲು ಕೂತಿದ್ದ ಅಜ್ಜಿ, ಏಳಲಾಗದೆ ಗೋಡೆ ಹಿಡಿದು ಒದ್ದಾಡುತ್ತಿದ್ದಳು. ಅವ್ವ ಓಡಿಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

"ಎಂದಿನಿಂದರಿ ಇದು?"

"ಸಂಕ್ರಾಂತಿಯಿಂದ. ಮೊಣಕಾಲು ಮಡಚಿ ಕೂತ್ರ ಏಳಾಕ ಆಗೂದಿಲ್ಲ."

"ಮತ್ತ ಹೇಳಬಾರದೇನ್ರಿ?"

"ಹೇಳಿದ್ರ ಒಬ್ಬಾಕಿ ಗಾಡ್ಯಾಗ ಬರಬ್ಯಾಡ ಅಂತಿದ್ರಿ. ಈ ಹುಡುಗಿ ಮಾರಿ ನೋಡೂದು ತಪ್ಪತಿತ್ತು."

ಅವ್ವ ಅಜ್ಜಿಯನ್ನು ಮಂಚದ ಮೇಲೆ ಕೂರಿಸಿ, ಎಣ್ಣೆ ಬಿಸಿ ಮಾಡಿ ತಂದು ಮೊಣಕಾಲಿಗೆ ತಿಕ್ಕಿದಳು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಅಗಲವಾದ ಹಲಗೆ ಹಾಸಿ, ಮುಂದೆ ಎತ್ತರದ ಸ್ಟೂಲು ಇಟ್ಟು ಕರೆದಳು.

"ಬರ್ರಿ ಅತ್ತಿಯವರ. ಮಸಾಲಿ ನೀವ ಕಲಸಬೇಕು."

"ಮತ್ತ ನಿನ್ನ ಕಲ್ಲು?"

"ಕಲ್ಲಿನ ಮಾತು ಬಿಡ್ರಿ. ಮೊದಲ ಕೂಡ್ರಿ."

ಅಜ್ಜಿ ಕೂತಳು. ಅವಳು ಕಲಸುತ್ತಿದ್ದರೆ ಅವ್ವ ಪಕ್ಕದಲ್ಲಿ ನಿಂತು ಖಾರ, ಉಪ್ಪು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಹುರಿದ ಮೆಂತ್ಯ, ಸಾಸಿವೆ, ಇಂಗಿನ ವಾಸನೆ. ಮುಂದಿನ ಬೇಸಿಗೆಗಳಲ್ಲಿ ಅಪ್ಪನೇ ಧಾರವಾಡಕ್ಕೆ ಹೋಗಿ ಅವಳನ್ನು ಕರೆತರುತ್ತಿದ್ದ.

ಅಜ್ಜಿ ತೀರಿಕೊಂಡು ವರ್ಷಗಳಾದವು. ಕಾಲನಿಯ ಹಳೆಯ ಕಟ್ಟಡಗಳನ್ನು ಕೆಡವಿದಾಗ ಆ ಕಟ್ಟೆಯೂ ಹೋಯಿತು. ಕೊಂಢವಾ ಬಡಾವಣೆಯ ನನ್ನ ಫ್ಲಾಟಿನಲ್ಲಿ ಈಗ ಕ್ವಾರ್ಟ್ಜ್ ಕಟ್ಟೆ. ನಿಂಬೆಹಣ್ಣನ್ನು ಅದರ ಮೇಲೇ ಹೆಚ್ಚುತ್ತೇನೆ, ಏನೂ ಆಗುವುದಿಲ್ಲ. ಅವ್ವ ನನ್ನ ಜೊತೆಗೇ ಇದ್ದಾಳೆ. ಕಳೆದ ಬೇಸಿಗೆ ಒಳ್ಳೆಯ ಮಾವಿನಕಾಯಿ ಸಿಕ್ಕವೆಂದು ತಂದು ಅವಳ ಮುಂದಿಟ್ಟೆ. ಒಂದನ್ನು ಕೈಯಲ್ಲಿ ಹಿಡಿದು, ಮೂಸಿ, ಮತ್ತೆ ಚೀಲಕ್ಕೆ ಹಾಕಿದಳು.

"ಉಪ್ಪಿನಕಾಯಿ ಅಂಗಡ್ಯಾಗಿಂದ ತಗೊಂಡು ಬಾ. ನಾನು ಉಪ್ಪು ಹಾಕೂ ಮುಂದ, 'ಸಾಕವಾ, ಕೈ ಹಿಡಿ' ಅಂತ ಅತ್ತಿಯವರು ಒದರತಿದ್ರು. ಈಗ ಎಲ್ಲಿಗೆ ನಿಲ್ಲಸಬೇಕೋ ನನಗ ತಿಳಿಯೂದಿಲ್ಲ."