ಗುರುಗಳ ದನಿಯಲ್ಲಿ ನಾನಾಡಿದ ಮಾತು

ಫಕೀರಪ್ಪ ಕಾಕಾ, ಆ ರವಿವಾರ ಹೆಡ್‌ಫೋನಿನಲ್ಲಿ ನಿಮ್ಮನ್ನು ಬೇಡವೆಂದವರು ಗುರುಗಳಲ್ಲ. ನಾನು. ಅದೇ ಸೈಬರ್ ಕೆಫೆಯ ಇನ್ನೊಂದು ತುದಿಯಲ್ಲಿ ಕೂತು, ಅವರ ದನಿ ತೆಗೆದು ಮಾತಾಡಿದವನು ನಾನು.

ಮೂರು ವರ್ಷವಾಯಿತು. ಬರೆದು, ಹರಿದು, ಮತ್ತೆ ಬರೆಯುತ್ತಿದ್ದೇನೆ.

ನಾನು ಎಂಥವನೆಂದು ನಿಮಗೆ ಗೊತ್ತು. ಕಂಡಕ್ಟರನ ದನಿಯಲ್ಲಿ ‘ರೈಟ್’ ಎಂದು ಕೂಗಿ, ಅವನನ್ನೇ ಬಿಟ್ಟು ಬಸ್ಸು ಹೊರಡಿಸಿದವನು. ನನ್ನ ಪಿಟೀಲು ಕೇಳಿದ ದಿನ ಮನೆಯ ಎಮ್ಮೆ ಹಾಲು ಕೊಡಲಿಲ್ಲವೆಂದು ಊರೆಲ್ಲ ಸಾರಿಕೊಂಡು ತಿರುಗಿದವನೂ ನಾನೇ. ‘ಇಂವಾ ಒಂದಿನ ತನ್ನ ದನೀನ ಮರೀತಾನ ನೋಡ್ರಿ’ ಎಂದು ಸಾವಿತ್ರಕ್ಕ ನಗುತ್ತಿದ್ದರು — ಹಾವೇರಿ ಕೋರ್ಟಿನಲ್ಲಿ ಟೈಪಿಸ್ಟ್, ನಮ್ಮ ಜೊತೆ ಕೀಬೋರ್ಡು ನುಡಿಸುವವರು.

ರಾಣೆಬೆನ್ನೂರಿಗೆ ಆಗಿನ್ನೂ ಬ್ರಾಡ್‌ಬ್ಯಾಂಡ್ ಹೊಸದು. ಛೇಂಬರ್ ಮ್ಯೂಸಿಕ್ ಎಂದರೇನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನ ಗುರುಗಳು ಇಂಟರ್‌ನೆಟ್ಟಿನಲ್ಲೇ ಕಲಿಸಿದರು — ಒಂದು ಕೋಣೆ, ಮೂರು ವಾದ್ಯ, ಮುಂದೆ ನಿಂತು ಕೋಲಾಡಿಸುವವರಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ನಡೆಯಬೇಕು. ದನಿ ತಡವಾಗಿ ತಲುಪುತ್ತಿದ್ದುದರಿಂದ ಮೂರು ಊರಿನಿಂದ ಒಟ್ಟಿಗೆ ನುಡಿಸುವುದು ಆಗದ ಮಾತು. ಹಾಗಾಗಿ ಸಾವಿತ್ರಕ್ಕ ಹಾವೇರಿಯಿಂದ, ನೀವು ಬ್ಯಾಡಗಿಯಿಂದ ಪ್ರತಿ ರವಿವಾರ ಇಲ್ಲಿನ ಕೆಫೆಗೇ ಬರುತ್ತಿದ್ದಿರಿ. ಸ್ವರಲಿಪಿ ಓದಲು ಬಾರದ ನೀವು ಸೀಡಿ ಕೇಳಿ ಕೇಳಿಯೇ ನಿಮ್ಮ ಪಾಲನ್ನೂ ಕಲಿತಿರಿ — ನನ್ನದನ್ನೂ.

ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದ್ದೆ.

‘ಇಪ್ಪತ್ತೈದ್ ವರ್ಷ ಮದುವಿ ಬ್ಯಾಂಡಿನಾಗ ನಡಕೋತ ಕ್ಲಾರಿನೆಟ್ ಊದೀನೋ ತಮ್ಮಾ. ಪಟಾಕಿ, ಡ್ರಮ್ಮು, ಕುಣಿಯೋ ಹುಡುಗ್ರು — ನಾ ಏನ್ ಊದಿದೆ ಅಂತ ನನಗ ಕೇಳ್ಸಿಲ್ಲ. ಒಂದ್ಸಲನಾರ ಕುಂತು ಊದಬೇಕು. ಮಂದಿನೂ ಕುಂತು ಕೇಳಬೇಕು.’

ಆ ಒಂದ್ಸಲ ಬರುವುದಿತ್ತು. ಪಾಠಗಳೆಲ್ಲ ಮುಗಿದ ಮೇಲೆ ಹಾವೇರಿಯ ಶಾಲೆಯೊಂದರ ಕೋಣೆಯಲ್ಲಿ ಗುರುಗಳ ಎದುರಿಗೇ ನಾವು ನುಡಿಸಬೇಕಿತ್ತು.

ಒಟ್ಟಿಗೆ ಶುರು ಮಾಡುವುದೇ ನಮಗೆ ಕಷ್ಟವಾಗಿತ್ತು. ನೀವು ಮಾತ್ರ ಬ್ಯಾಂಡಿನ ರೂಢಿಯಂತೆ ಹೆಗಲೆತ್ತಿ, ಮೂಗಿನಿಂದ ಜೋರಾಗಿ ಉಸಿರೆಳೆದು ಹೊರಡುತ್ತಿದ್ದಿರಿ. ಅದನ್ನು ನಾನು ಅಣಕಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನೀವೇ ನಗುತ್ತಿದ್ದಿರಿ. ಒಂದು ವಾರ ಗುರುಗಳು ಹೇಳಿದರು — ‘ಫಕೀರಪ್ಪನವರ ಉಸಿರು ಕೇಳಿಕೊಂಡೇ ಶುರು ಮಾಡಿ. ಪಿಟೀಲು ಅವರ ಹಿಂದೆ ಬರಲಿ.’ ಪಿಟೀಲು! ನಾನೇ ಮುಂದಾಳು ಎಂದು ಅಷ್ಟರಲ್ಲಿ ಊರಿಗೆಲ್ಲ ಹೇಳಿಯಾಗಿತ್ತು.

ಮುಂದಿನ ರವಿವಾರ ಪಾಠವಿಲ್ಲವೆಂದು ಗುರುಗಳು ನನಗೆ ಮೆಸೇಜು ಕಳಿಸಿದರು. ಸಾವಿತ್ರಕ್ಕನಿಗೆ ಹೇಳಿದೆ. ನಿಮಗೆ ಹೇಳಲಿಲ್ಲ. ನೀವು ಬಂದಿರಿ. ನೆಟ್ ನಿಧಾನವೆಂದು ನಾವು ಯಾವತ್ತೂ ಚಿತ್ರ ಬಿಟ್ಟು ದನಿಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದೆವಲ್ಲ. ನಿಮಗೆ ಕಂಪ್ಯೂಟರ್ ಹಚ್ಚಿಕೊಡುತ್ತಿದ್ದವನೂ ನಾನೇ. ನಿಮ್ಮನ್ನು ಕೊನೆಯ ಕ್ಯಾಬಿನ್ನಿನಲ್ಲಿ ಕೂರಿಸಿ, ‘ಸರ್ ನಿಮ್ಮೊಬ್ಬರ ಜೋಡಿ ಮಾತಾಡ್ತಾರಂತ’ ಎಂದೆ. ಬಾಗಿಲ ಬಳಿಯ ಕ್ಯಾಬಿನ್ನಿಗೆ ಬಂದು ಮೈಕು ಹತ್ತಿರ ಎಳೆದುಕೊಂಡೆ.

‘ಫಕೀರಪ್ಪನವರೇ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ನಿಮ್ಮ ವಾದ್ಯಕ್ಕಿಂತ ಉಸಿರೇ ಜೋರಾಗಿ ಕೇಳುತ್ತೆ. ಇದು ಮೆರವಣಿಗೆ ಅಲ್ಲ. ಅವರಿಬ್ಬರೇ ನುಡಿಸಿದ್ರೆ ಒಳ್ಳೇದೇನೋ...’

‘ಏ ಮಂಗ್ಯಾ, ನೀನ ಅಲ್ಲೇನೋ!’ ಎನ್ನುತ್ತೀರೆಂದು ಕಾದೆ.

‘ಹೌದ್ರಿ ಸರ್... ನನಗೂ ಒಳಗ ಅನ್ನಸ್ತಿತ್ತು. ಹೇಳಿದ್ದು ಚಲೋ ಆತು. ಆ ಇಬ್ರಿಗೆ ಏನೂ ಅನಬ್ಯಾಡ್ರಿ, ನನ್ನ ಭಾಳ ಸಂಭಾಳ್ಸ್ಯಾರ.’

ಆಗ ಎದ್ದು ಬರಬಹುದಿತ್ತು. ಹತ್ತು ಹೆಜ್ಜೆ. ‘ಸರಿ’ ಎಂದೆ — ಅವರದೇ ದನಿಯಲ್ಲಿ.

ಹೊರಗೆ ಬಂದು ಕ್ಲಾರಿನೆಟ್ ಬಿಚ್ಚಿ, ಒಂದೊಂದೇ ತುಂಡನ್ನು ಒರೆಸಿ ಪೆಟ್ಟಿಗೆಗಿಟ್ಟಿರಿ. ‘ಮೆಣಸಿನಕಾಯಿ ಸುಗ್ಗಿ ಬಂತಲ್ಲೋ ತಮ್ಮಾ, ಮಾರ್ಕೆಟ್‌ನ್ಯಾಗ ಕೆಲಸ ಭಾಳ. ಇನ್ನ ಬರಾಕ ಆಗೂದಿಲ್ಲ’ ಎಂದಿರಿ. ನನ್ನ ಬೆನ್ನು ತಟ್ಟಿದಿರಿ.

ತಮಾಷೆ ಕೈ ಮೀರಿತು ಎಂದೇ ಬಹಳ ದಿನ ನನಗೆ ನಾನು ಹೇಳಿಕೊಂಡೆ. ಅದೂ ಸುಳ್ಳು. ತಮಾಷೆಯಾಗಿದ್ದರೆ ಮರುವಾರ ಗುರುಗಳು ‘ಕ್ಲಾರಿನೆಟ್ ಎಲ್ಲಿ?’ ಎಂದಾಗ ನಿಜ ಹೇಳುತ್ತಿದ್ದೆ. ‘ಅವರಿಗೆ ಇದರಾಗ ಮನಸ್ಸಿಲ್ಲಂತ್ರಿ ಸರ್’ ಎಂದೆ. ಅವರು ‘ಹಾಗಾ... ನಿಮ್ಮ ಮೂವರಲ್ಲಿ ಇನ್ನೊಬ್ಬರನ್ನ ಕೇಳಿಸಿಕೊಳ್ಳೋಕೆ ಬರ್ತಿದ್ದದ್ದು ಅವರಿಗೊಬ್ಬರಿಗೇ’ ಎಂದರು. ಹಾವೇರಿಯಲ್ಲಿ ನಾವಿಬ್ಬರೇ ನುಡಿಸಿದೆವು. ಮಂದಿ ಕುರ್ಚಿಗಳ ಮೇಲೆ ಕೂತು, ಕೆಮ್ಮದೆ ಕೇಳಿದರು. ಚಪ್ಪಾಳೆಯನ್ನೂ ತಟ್ಟಿದರು. ನಾನು ಬಾಗಿ ನಮಸ್ಕಾರ ಮಾಡಿದೆ.

ಹೋದ ತಿಂಗಳು ಬ್ಯಾಡಗಿಯ ಮದುವೆಯೊಂದರಲ್ಲಿ ಸಿಕ್ಕಿರಿ. ಬ್ಯಾಂಡಿನ ಅಂಗಿ ತೊಟ್ಟು ಜನರೇಟರಿನ ಪಕ್ಕ ನಿಂತಿದ್ದಿರಿ. ನನ್ನನ್ನು ಕರೆದು ಚಹಾ ಕುಡಿಸಿದಿರಿ. ‘ಆ ಸರ್ ಭಾಳ ದೊಡ್ಡ ಮನುಷ್ಯಾರು. ಮಾರೀಗೆ ಖರೇ ಹೇಳಿದ್ರು. ನನ್ನ ನಮಸ್ಕಾರ ಹೇಳು’ ಎಂದಿರಿ. ನಾನು — ‘ಹೇಳ್ತೀನಿ ಕಾಕಾ’ ಎಂದೆ.

ನಿನ್ನೆ ಅವರಿಗೆ ಫೋನ್ ಮಾಡಿದೆ. ನಮಸ್ಕಾರ ತಲುಪಿಸಿದೆ, ಉಳಿದದ್ದನ್ನೂ ಹೇಳಿದೆ. ಅವರು ನನ್ನನ್ನು ಬೈಯಲೂ ಇಲ್ಲ. ‘ಅವರ ನಂಬರ್ ಕೊಡು’ ಎಂದರಷ್ಟೇ. ಎರಡು ದಿನ ತಡೆಯಿರಿ, ಮೊದಲು ನನ್ನ ಬಾಯಿಂದ ಕೇಳಲಿ ಎಂದೆ.

ನಾಳೆ ಮೊದಲ ಬಸ್ಸಿಗೆ ಬ್ಯಾಡಗಿಗೆ ಬಂದು, ಇದನ್ನು ನಾನೇ ನಿಮಗೆ ಓದಿ ಹೇಳುತ್ತೇನೆ. ನೀವು ಕ್ಷಮಿಸಬೇಕೆಂದಲ್ಲ. ಇಷ್ಟು ತಿಳಿದ ಮೇಲೆ ಗುರುಗಳು ಕರೆ ಮಾಡಿದರೆ ನೀವು ನಂಬಲಾರಿರಿ — ಮತ್ತೆ ನಾನೇ ಆಡುತ್ತಿರುವ ಆಟವೆಂದು ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ, ಅವರು ಮಾತು ಮುಗಿಸುವವರೆಗೂ ನಿಮ್ಮ ಕಣ್ಣೆದುರಿಗೇ, ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.