ಪಕ್ಷ ಬಿಡದ ಬಕೆಟ್

ಕೇಳಿ ಸ್ನೇಹಿತರೇ, ಇವತ್ತು ಮತ ಕೇಳಲು ಬಂದ ಮುಖಂಡರೊಬ್ಬರು ಗೋವಿಂದರಾಜನಗರದ ನಮ್ಮ ಮನೆ ಮುಂದೆ ಗರಬಡಿದವರಂತೆ ನಿಂತುಬಿಟ್ಟರು. ನಮ್ಮತ್ತೆ ಬಾಗಿಲಿಗೆ ನೀರು ಹಾಕುತ್ತಿದ್ದ ಬಕೆಟ್ಟಿನ ಮೇಲೆ ಆ ಮುಖಂಡರದೇ ನಗುಮುಖ, ಪಕ್ಕದಲ್ಲಿ ಹಳೇ ಪಕ್ಷದ ಚಿಹ್ನೆ. ಹೋದ ಚುನಾವಣೆಯಲ್ಲಿ ಅವರೇ ಹಂಚಿದ್ದ ಬಕೆಟ್ಟದು. ಈಗ ಅವರು ಬೇರೆ ಪಕ್ಷದಲ್ಲಿದ್ದಾರೆ.

“ಆ ಚಿತ್ರಾನ ಕಿತ್ತಾಕ್ಬಾರ್ದೇನಮ್ಮಾ?” ಎಂದರು ಮುಖಂಡರು.

“ಎಲ್ಲಿ ಸಾರ್ ಬರುತ್ತೆ? ಬಕೆಟ್ ಅಚ್ಚು ಹಾಕೋವಾಗ್ಲೇ ಪ್ಲಾಸ್ಟಿಕ್ ಜೊತೆ ಸೇರ್ಸಿಬಿಟ್ಟಿದಾರೆ. ನಾರಲ್ಲಿ ಉಜ್ಜಿದ್ರೆ ನೀವು ಇನ್ನೂ ಹೊಳೀತೀರ!”

ಹಿಂಬಾಲಕನೊಬ್ಬ ಹೊಸ ಚಿಹ್ನೆಯ ಸ್ಟಿಕ್ಕರನ್ನು ಅದರ ಮೇಲೆಯೇ ಅಂಟಿಸಿದ. ಅತ್ತೆ ಇನ್ನೊಂದು ಚೊಂಬು ನೀರೆರಚುವಷ್ಟರಲ್ಲಿ ಅದು ಒದ್ದೆ ಬಕೆಟ್ಟಿನಿಂದ ಜಾರಿ ಮುಖಂಡರ ಕಾಲಿಗೇ ಬಿತ್ತು.

“ವೋಟು ಬೇಕಾದ್ರೆ ಈ ಬಕೆಟ್‌ಗೆ ಹಾಕ್ತೀನಿ ಸಾರ್,” ಎಂದರು ಅತ್ತೆ. “ಇದಾದ್ರೂ ಪಕ್ಷ ಬಿಟ್ಟಿಲ್ಲ.”